ಮೂಕಪ್ರಾಣಿಯ ನೋವು ಮತ್ತು ಅದರ ಮದ್ದು

ಮನುಷ್ಯನಿಗೆ ಹಲ್ಲು ನೋಯುತ್ತಿದ್ದರೆ ಡಾಕ್ಟರರ ಮುಂದೆ ಬಾಯಿ ತೆರೆದು ಇಂಥದೇ ಹಲ್ಲು ಎಂದು ಬೆರಳಿಟ್ಟು ತೋರಿಸುತ್ತಾನೆ. ಎತ್ತಿನ ಕೊಂಬಿನೊಳಗೆ ರೋಗ ಹುಟ್ಟಿದರೆ ಅದು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಸುಮ್ಮನೆ ನಿಲ್ಲುತ್ತದೆ. ನೋಡುವ ಕಣ್ಣುಳ್ಳವನು ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾವು ಹೊಟ್ಟೆಪಾಡಿಗಾಗಿ ಈ ಮುಂಬಯಿಗೆ ಬಂದವರು. ಹೋಟೆಲಿನಲ್ಲೋ ಕಾರಖಾನೆಯಲ್ಲೋ ಕಚೇರಿಯಲ್ಲೋ ದುಡಿಯುತ್ತೇವೆ. ಆದರೂ ನಮ್ಮಲ್ಲಿ ಅನೇಕರ ಊರಮನೆಗಳಲ್ಲಿ ಒಂದು ಜೊತೆ ಎತ್ತು, ಒಂದು ಕರೆಯುವ ಎಮ್ಮೆ ಇಂದಿಗೂ ಉಂಟು. ಅವುಗಳ ಕಾಯಿಲೆಯ ಸುದ್ದಿ ಊರಿನಿಂದ ಬಂದಾಗ ಇಲ್ಲಿಂದ ಹಣ ಹೋಗುತ್ತದೆ. ಕೆಲವೊಮ್ಮೆ ಔಷಧಿಯೂ ಹೋಗುತ್ತದೆ. ಆದ್ದರಿಂದ ಪ್ರಾಣಿಗಳ ನೋವನ್ನು ವೈದ್ಯಶಾಸ್ತ್ರವು ಹೇಗೆ ಶಮನ ಮಾಡುತ್ತದೆ, ಅದರಲ್ಲಿ ನಾವು ಎಚ್ಚರ ವಹಿಸಬೇಕಾದುದು ಎಲ್ಲಿ ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಪರೇಲಿನ ಆಸ್ಪತ್ರೆ

ಊರಿನ ರೋಗಿಗಳನ್ನು ಕರೆದುಕೊಂಡು ಪರೇಲಿನ ಕೆ.ಇ.ಎಂ. ಅಥವಾ ಟಾಟಾ ಆಸ್ಪತ್ರೆಗೆ ಹೋದವರು ನಮ್ಮಲ್ಲಿ ಬಹಳ ಮಂದಿ. ಅದೇ ಪರೇಲಿನಲ್ಲಿ ಪ್ರಾಣಿಗಳಿಗೂ ದೊಡ್ಡದೊಂದು ಆಸ್ಪತ್ರೆಯಿರುವುದು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. 1874ರಲ್ಲಿ ಮುಂಬಯಿಯ ರಸ್ತೆಗಳಲ್ಲಿ ಕುದುರೆಗಳೆಳೆಯುವ ಟ್ರಾಂ ಓಡತೊಡಗಿತು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವೂ ಅದೇ ವರ್ಷ ಇಲ್ಲಿ ಹುಟ್ಟಿತು. ಮುಂದೆ 1880ರ ದಶಕದಲ್ಲಿ, ಪಾರ್ಸಿ ಗಿರಣಿ ಮಾಲೀಕರಾದ ಸರ್ ದಿನ್ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಆಸ್ಪತ್ರೆ ಎದ್ದಿತು. ಅದಕ್ಕೆ ಅವರ ಪತ್ನಿ ಬಾಯಿ ಸಕರ್‌ಬಾಯಿಯವರ ಹೆಸರನ್ನಿಟ್ಟರು. 1886ರಲ್ಲಿ ಮುಂಬಯಿ ಪಶುವೈದ್ಯಕೀಯ ಕಾಲೇಜು ಪರೇಲಿನಲ್ಲಿಯೇ ಆರಂಭವಾಯಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಹುಟ್ಟಿತು.

ಮೂರು ಬಗೆಯ ಉಪಾಯ

ಹಿಂದೆ ಎತ್ತಿಗೆ ಶಸ್ತ್ರಕ್ರಿಯೆ ಮಾಡುವುದೆಂದರೆ ಹಗ್ಗ ಬಿಗಿದು ಕೆಡವಿ, ನಾಲ್ಕು ಕಾಲು ಕಟ್ಟಿ, ನಾಲ್ಕು ಆಳುಗಳು ಅದುಮಿ ಹಿಡಿಯುವುದು. ಅದು ಮಿಸುಕದಂತೆ ಮಾಡಿದರೆ ಕೆಲಸ ಮುಗಿಯಿತು. ನೋವಿನ ವಿಚಾರವನ್ನು ಕೇಳುವವರಿರಲಿಲ್ಲ. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರಿನ ಅರಿವಳಿಕೆ ಜನರ ಕಣ್ಣಮುಂದೆ ಸಿದ್ಧವಾಯಿತು. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಎಂಬ ವೈದ್ಯರು ಕ್ಲೋರೋಫಾರಂ ಬಳಸಿ ತೋರಿಸಿದರು. ಮನುಷ್ಯರಿಗೆ ಬಂದ ಈ ವರ ಕ್ರಮೇಣ ಪ್ರಾಣಿಗಳಿಗೂ ದೊರೆಯಿತು.

ಇಂದು ಪಶುವೈದ್ಯರ ಕೈಯಲ್ಲಿ ಮೂರು ಉಪಾಯಗಳಿವೆ. ಒಂದು, ದೇಹದ ಒಂದು ಭಾಗವನ್ನು ಮಾತ್ರ ಮರಗಟ್ಟಿಸುವುದು. ಎರಡು, ಇಡೀ ಪ್ರಾಣಿಯ ಅರಿವನ್ನೇ ತಪ್ಪಿಸಿ ಮಲಗಿಸುವುದು. ಮೂರು, ಎಚ್ಚರವಾದ ಮೇಲೆ ಗಾಯದ ನೋವನ್ನೂ ಬಾವನ್ನೂ ತಗ್ಗಿಸುವುದು.

ಮೊದಲನೆಯದಕ್ಕೆ ಕೊಂಬಿನ ಕ್ಯಾನ್ಸರನ್ನೇ ಉದಾಹರಣೆಯಾಗಿ ನೋಡೋಣ. ನಮ್ಮ ದೇಶದ ಎತ್ತುಗಳಲ್ಲಿ ಈ ರೋಗ ಹೆಚ್ಚು. ಕೊಂಬನ್ನು ಬುಡಸಮೇತ ತೆಗೆಯುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಕೊಂಬಿನ ಹೊರಪದರಕ್ಕೆ ನೋವಿಲ್ಲ, ಒಳಗಿನ ಜೀವಂತ ಭಾಗಕ್ಕೆ ನೋವುಂಟು. ಆ ನೋವನ್ನು ಮಿದುಳಿಗೆ ಒಯ್ಯುವ ನರವು ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಚರ್ಮದ ಕೆಳಗೇ ಹಾದುಹೋಗುತ್ತದೆ. ಅಲ್ಲಿ ಲಿಗ್ನೋಕೇಯ್ನ್ ಎಂಬ ಮದ್ದನ್ನು ಚುಚ್ಚಿ ಕೆಲವು ನಿಮಿಷ ಕಾದರೆ ತಂತಿ ಕಡಿದ ಟೆಲಿಫೋನಿನಂತೆ ಸುದ್ದಿ ಮೇಲೆ ಹೋಗುವುದಿಲ್ಲ. ಈ ಮದ್ದನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನ ಶಾಸ್ತ್ರಜ್ಞರು ತಯಾರಿಸಿದರು. ನಮ್ಮ ಹಲ್ಲು ಕೀಳುವಾಗ ವಸಡಿಗೆ ಚುಚ್ಚುವುದೂ ಇದನ್ನೇ.

ಎರಡನೆಯ ಉಪಾಯ ನಾಯಿ ಬೆಕ್ಕುಗಳಿಗೆ ಒಗ್ಗುವಷ್ಟು ಸುಲಭವಾಗಿ ದನಗಳಿಗೆ ಒಗ್ಗದು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಮೇವು ಸದಾ ಹುದುಗುತ್ತಲೇ ಇರುತ್ತದೆ. ಅರಿವು ತಪ್ಪಿ ಮಲಗಿದಾಗ ತೇಗು ಬರದೆ ಹೊಟ್ಟೆಯುಬ್ಬರವಾಗಬಹುದು. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಆದ್ದರಿಂದಲೇ ಮೊದಲು ಮೇವು ನಿಲ್ಲಿಸುತ್ತಾರೆ, ಮತ್ತು ದನಗಳ ಅನೇಕ ಶಸ್ತ್ರಕ್ರಿಯೆಗಳನ್ನು ನಿಂತಂತೆಯೇ, ಬೇಕಾದ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಅಳತೆಯ ವಿಚಾರವೂ ಸಣ್ಣದಲ್ಲ. ಪ್ರಾಣಿಗಳನ್ನು ಶಾಂತಗೊಳಿಸಲು ಬಳಸುವ ಕ್ಸೈಲಜೀನ್ ಎಂಬ ಮದ್ದು 1962ರಲ್ಲಿ ಜರ್ಮನಿಯಲ್ಲಿ ತಯಾರಾಯಿತು. ತೂಕಕ್ಕೆ ತೂಕ ಹೋಲಿಸಿದರೆ ಕುದುರೆಗೆ ಬೇಕಾದುದರ ಸುಮಾರು ಹತ್ತನೆಯ ಒಂದು ಪಾಲು ದನಕ್ಕೆ ಸಾಕು. ಕುದುರೆಯ ಲೆಕ್ಕದಲ್ಲಿ ದನಕ್ಕೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ನೋವನ್ನು ಅಳೆಯುವುದು ಹೇಗೆ?

ಮಾತು ಬಾರದ ಜೀವಿಯ ನೋವನ್ನು ಅಳೆಯದೆ ಮದ್ದಿನ ಗುಣವನ್ನು ತಿಳಿಯುವಂತಿಲ್ಲ. ಈ ದಿಕ್ಕಿನಲ್ಲಿ ಇತ್ತೀಚಿನ ದಶಕಗಳಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು ನಾಯಿಯ ನಿಲುವು, ನಡಿಗೆ, ಕೂಗು, ಗಾಯ ಮುಟ್ಟಿದಾಗಿನ ವರ್ತನೆಗಳಿಗೆ ಅಂಕಗಳನ್ನಿಟ್ಟು ಒಂದು ಅಳತೆಗೋಲನ್ನು ಮಾಡಿದರು. 2010ರಲ್ಲಿ ಕೆನಡಾದ ವಿಜ್ಞಾನಿಗಳು ಇಲಿಯ ಮುಖಭಾವದಿಂದಲೇ ನೋವನ್ನು ಗುರುತಿಸಬಹುದೆಂದು ತೋರಿಸಿದರು. 2019ರಲ್ಲಿ ಬೆಕ್ಕಿಗೂ ಅಂಥ ಮುಖದ ಅಳತೆ ಬಂದಿತು: ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಇವುಗಳ ಸ್ಥಿತಿಯನ್ನು ನೋಡಿ ಅಂಕ ಕೊಡುವುದು. ನಮ್ಮ ಹಿರಿಯರು ದನ ಮೆಲುಕು ಬಿಟ್ಟಿತು, ಹಲ್ಲು ಕಡಿಯಿತು, ಬೆನ್ನು ಬಾಗಿಸಿತು ಎಂದು ನೋವನ್ನು ಗುರುತಿಸುತ್ತಿದ್ದರಲ್ಲವೆ? ಶಾಸ್ತ್ರವೂ ಅದೇ ದಾರಿಯಲ್ಲಿ, ಅಂಕಗಳ ಸಹಾಯದಿಂದ ನಡೆದಿದೆ.

ಇನ್ನೊಂದು ತಿಳಿವಳಿಕೆಯೂ ಬೆಳೆದಿದೆ. ಪ್ರಾಣಿ ಅರಿವಿಲ್ಲದೆ ಮಲಗಿದ್ದರೂ ಕತ್ತರಿಸಿದ ನೋವಿನ ಸಂಕೇತಗಳು ಬೆನ್ನುಹುರಿಯನ್ನು ಮುಟ್ಟುತ್ತಲೇ ಇರುತ್ತವೆ. ಎಚ್ಚರವಾದ ಮೇಲೆ ನೋವು ಇಮ್ಮಡಿಯಾಗಿ ಕಾಣಲು ಅದೂ ಒಂದು ಕಾರಣ. ಆದುದರಿಂದ ಕತ್ತಿ ತಾಗುವ ಮುಂಚೆಯೇ ನೋವಿನ ಮದ್ದು ಕೊಡುವುದು, ಒಂದೇ ಮದ್ದನ್ನು ನೆಚ್ಚದೆ ಎರಡು ಮೂರನ್ನು ಸ್ವಲ್ಪ ಸ್ವಲ್ಪವಾಗಿ ಬಳಸುವುದು ಇಂದಿನ ಕ್ರಮ.

ಮದ್ದೇ ವಿಷವಾದ ಕಥೆ

ಮೂರನೆಯ ಉಪಾಯದಲ್ಲಿ ನಾವು ಕಲಿಯಬೇಕಾದ ದೊಡ್ಡ ಪಾಠವಿದೆ. ನೋವು ಮತ್ತು ಬಾವುಗಳಿಗೆ ಕಾರಣವಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಸವಸ್ತುಗಳನ್ನು ಆಸ್ಪಿರಿನ್ ತಡೆಯುತ್ತದೆಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಕಂಡುಹಿಡಿದರು. ಅದೇ ಗುಂಪಿನ ಡೈಕ್ಲೋಫಿನ್ಯಾಕ್ ಎಂಬ ಮದ್ದು 1990ರ ದಶಕದಲ್ಲಿ ನಮ್ಮ ದೇಶದ ದನಗಳ ಚಿಕಿತ್ಸೆಗೆ ಬಂದಿತು. ಬೆಲೆ ಅಗ್ಗ, ಗುಣ ಶೀಘ್ರ. ರೈತರಿಗೆ ಬಹಳ ಹಿಡಿಸಿತು.

ಅದೇ ಕಾಲದಲ್ಲಿ ರಣಹದ್ದುಗಳು ಸಾಯತೊಡಗಿದವು. ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದವರು ನಡೆಸಿದ ಎಣಿಕೆಗಳ ಪ್ರಕಾರ, 1992ರಿಂದ 2007ರೊಳಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು. ಕಾರಣ ಗೊತ್ತಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ಡೈಕ್ಲೋಫಿನ್ಯಾಕ್ ಚುಚ್ಚಿಸಿಕೊಂಡ ದನ ಬೇಗನೆ ಸತ್ತರೆ ಮದ್ದು ಅದರ ಮಾಂಸದಲ್ಲಿ ಉಳಿಯುತ್ತದೆ. ಆ ಹೆಣವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ.

ಇದರ ಪೆಟ್ಟು ಈ ನಗರಕ್ಕೇ ತಗಲಿತು. ಮಲಬಾರ್ ಹಿಲ್ಲಿನ ಡುಂಗರ್‌ವಾಡಿಯಲ್ಲಿ ಪಾರ್ಸಿ ಬಂಧುಗಳು ತಮ್ಮ ಮೃತರನ್ನು ಮೌನಗೋಪುರಗಳಲ್ಲಿ ಹದ್ದುಗಳಿಗೆ ಒಪ್ಪಿಸುವುದು ಅವರ ಧರ್ಮದ ಪದ್ಧತಿ. ಹದ್ದುಗಳು ಬಾರದಾದವು. ಪರೇಲಿನಲ್ಲಿ ಪ್ರಾಣಿಗಳಿಗಾಗಿ ಆಸ್ಪತ್ರೆ ಕಟ್ಟಿಸಿದ ಸಮಾಜದವರೇ, ಪ್ರಾಣಿಗಳ ಒಂದು ಮದ್ದಿನಿಂದಾಗಿ ಅಂತ್ಯಕ್ರಿಯೆಗೆ ಬೇರೆ ಏರ್ಪಾಡು ಹುಡುಕಬೇಕಾಯಿತು.

2006ರಲ್ಲಿ ಭಾರತ ಸರಕಾರ ಪ್ರಾಣಿಗಳಿಗೆ ಡೈಕ್ಲೋಫಿನ್ಯಾಕ್ ತಯಾರಿಕೆಯನ್ನು ನಿಲ್ಲಿಸಿತು. ಅದೇ ವರ್ಷ, ಮೆಲಾಕ್ಸಿಕ್ಯಾಮ್ ಎಂಬ ಮದ್ದು ದನದ ನೋವನ್ನೂ ತಗ್ಗಿಸುತ್ತದೆ, ಹದ್ದನ್ನೂ ಕೊಲ್ಲುವುದಿಲ್ಲ ಎಂದು ಸಂಶೋಧಕರು ಪ್ರಕಟಿಸಿದರು. ಆದರೂ ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ಆದಕಾರಣ 2015ರಲ್ಲಿ ಆ ಚುಚ್ಚುಮದ್ದನ್ನು 3 ಮಿಲಿಲೀಟರಿನ ಒಂದೇ ಸಲದ ಸೀಸೆಗಳಿಗೆ ಮಿತಿಗೊಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನ್ಯಾಕ್‌ಗಳನ್ನೂ, 2024ರ ಕೊನೆಯಲ್ಲಿ ನಿಮೆಸುಲೈಡನ್ನೂ ಪ್ರಾಣಿಗಳಿಗೆ ನಿಷೇಧಿಸಿದರು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಅಂಥ ನೆಲೆಗಳಲ್ಲಿ ಉಳಿದ ಹದ್ದುಗಳ ಬಾಳು ನಮ್ಮ ದನಗಳಿಗೆ ನಾವು ಕೊಡುವ ಮದ್ದನ್ನು ಅವಲಂಬಿಸಿದೆ.

ನಾವು ಮಾಡಬೇಕಾದುದು

ಊರಿಗೆ ಹೋಗುವಾಗ ಸೊಂಟನೋವಿನ ಮಾತ್ರೆ, ಚುಚ್ಚುಮದ್ದುಗಳನ್ನು ಒಯ್ದು, ದನಕ್ಕೂ ಆದೀತು ಎಂದು ಕೊಡುವ ರೂಢಿಯನ್ನು ಬಿಡಬೇಕು. ಪಶುವೈದ್ಯರು ಬರೆದುಕೊಟ್ಟ ಮದ್ದನ್ನೇ ಕೊಡಿಸಬೇಕು. ಮೆಲಾಕ್ಸಿಕ್ಯಾಮ್ ಆದೀತೇ ಎಂದು ಅವರನ್ನು ಕೇಳುವುದರಲ್ಲಿ ತಪ್ಪಿಲ್ಲ. ಮದ್ದು ಕೊಟ್ಟ ದನ ಸತ್ತರೆ ಬಯಲಿಗೆಸೆಯದೆ ಆಳವಾಗಿ ಹೂಳಬೇಕು.

ಚಾಳಿನ ಅಂಗಳದಲ್ಲಿರುವ ಬೆಕ್ಕು ನಾಯಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ. ಒಂದು ಮಾತ್ರೆ ಅದನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 1962 ಎಂಬ ನಂಬರಿಗೆ ಫೋನು ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು. ಈ ನಂಬರನ್ನು ಬರೆದು ಊರಿನ ಮನೆಯ ಗೋಡೆಗೆ ಅಂಟಿಸಿ ಬನ್ನಿರಿ. ನಮ್ಮ ಮನೆತನಕ್ಕಾಗಿ ಹೆಗಲು ಸವೆಸಿದ ಎತ್ತಿನ ನೋವನ್ನು ಬಲ್ಲವರ ಕೈಯಿಂದ ತಗ್ಗಿಸುವುದು ನಮ್ಮ ಕರ್ತವ್ಯ.