ಊರಿನ ಹೆಸರು, ಊರಿನ ಲೇಖನ: ಮುಕ್ತ ಜಾಲ ಸಮುದಾಯಗಳಲ್ಲಿ ಗಡಿನಾಡ ಶಿಕ್ಷಕ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ವಿಭಜನೆಗೊಂಡಾಗ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಿಗೆ ಬಂದವು. ಮೊದಲೆರಡು ಕರ್ನೂಲು ಜಿಲ್ಲೆಗೆ ಸೇರಿದವು. ಅಂದಿನಿಂದ ಈ ಭಾಗದ ಮನೆಮಾತು ಮತ್ತು ಕಚೇರಿಯ ಮಾತು ಬೇರೆಬೇರೆಯಾದವು. ಕರ್ನಾಟಕದ ಜಿಲ್ಲಾ ಗ್ರಂಥಗಳು ಆ ರಾಜ್ಯದ ಗಡಿಯಲ್ಲಿ ನಿಲ್ಲುತ್ತವೆ. ಆಂಧ್ರದ ದಾಖಲೆಗಳು ಸಹಜವಾಗಿಯೇ ತೆಲುಗಿನಲ್ಲಿರುತ್ತವೆ. ಹೀಗಾಗಿ ಕೋಸಿಗಿಯ ಅಥವಾ ಹಾಲಹರವಿಯ ವಿದ್ಯಾರ್ಥಿಯೊಬ್ಬನು ತನ್ನ ಊರಿನ ವಿಷಯವನ್ನು ಕನ್ನಡದಲ್ಲಿ ಓದಬಯಸಿದರೆ, ಅದನ್ನು ಬರೆದಿಡುವ ಹೊಣೆ ಎರಡು ಕಡೆಯೂ ಯಾರದೂ ಅಲ್ಲ. ಈ ಕೊರತೆಯನ್ನು ತುಂಬಲು ಯಾರ ಆದೇಶಕ್ಕೂ ಕಾಯಬೇಕಿಲ್ಲದ ಕೆಲವು ಸಾಧನಗಳು ಇಂದು ಶಿಕ್ಷಕರ ಕೈಯಲ್ಲಿವೆ. ಅವುಗಳನ್ನು ಬಳಸುವ ಮತ್ತು ಉತ್ತಮಪಡಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ವಿಕಿಪೀಡಿಯ, ಹಳೆಯ ಗ್ರಂಥಗಳ ಭಂಡಾರವಾದ ವಿಕಿಸೋರ್ಸ್, ಮತ್ತು 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟ, ಇವು ವಿಕೇಂದ್ರೀಕೃತ ಸಮುದಾಯಗಳು. ಇವುಗಳ ಗಣಕಯಂತ್ರಗಳನ್ನು ನಡೆಸಲು ಪ್ರತಿಷ್ಠಾನಗಳಿವೆ. ಆದರೆ ಯಾವ ಲೇಖನ ಬೇಕು, ಯಾವ ವಾಕ್ಯ ಉಳಿಯಬೇಕು ಎಂಬುದನ್ನು ಬರೆಯುವವರೇ ಪರಸ್ಪರ ಚರ್ಚಿಸಿ ನಿರ್ಧರಿಸುತ್ತಾರೆ. ಕನ್ನಡ ವಿಕಿಪೀಡಿಯ 2003ರಲ್ಲಿ ಪ್ರಾರಂಭವಾಯಿತು. ಅದರ ಸಾಮಾನ್ಯ ಚರ್ಚಾಪುಟದ ಹೆಸರು ‘ಅರಳಿ ಕಟ್ಟೆ’. ಹೆಸರು ಅನ್ವರ್ಥವಾಗಿದೆ: ಕಟ್ಟೆಯ ಮೇಲೆ ಬಂದು ಕುಳಿತವನು ಯಾವ ರಾಜ್ಯದವನೆಂದು ಯಾರೂ ಕೇಳುವುದಿಲ್ಲ, ಆಡಿದ ಮಾತಿಗೆ ಆಧಾರವೇನೆಂದು ಮಾತ್ರ ಕೇಳುತ್ತಾರೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ ಮುಕ್ತವಾದದ್ದು, ಅದರ ಒಳರಚನೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಬರೆಯುವ ಮೊದಲು ಲಿಪಿಯ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ನುಡಿ ಮತ್ತು ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ ಅಥವಾ ಟಿಪ್ಪಣಿ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಅದು ರೋಮನ್ ಅಕ್ಷರಗಳ ಗುಂಪು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹುಡುಕಿದರೆ ಏನೂ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಈ ಪಟ್ಟಿಯಲ್ಲಿ ತೆಲುಗು ಮತ್ತು ಕನ್ನಡ ನೆರೆಮನೆಗಳು: ತೆಲುಗು ‘ಕ’ಕಾರದ ಸಂಖ್ಯೆ 3093, ಕನ್ನಡ ‘ಕ’ಕಾರದ್ದು 3221. ಸಮಾನವಾದ ಅಕ್ಷರಗಳ ನಡುವೆ ಹೀಗೆ ಬಹುತೇಕ ಎಲ್ಲೆಡೆಯೂ 128ರ ಅಂತರವಿದೆ. ಎರಡೂ ಲಿಪಿ ಬಲ್ಲ ಆದೋನಿಯ ಮಕ್ಕಳಿಗೆ ಗಣಿತದ ತರಗತಿಯಲ್ಲಿಯೂ ಇದನ್ನು ತೋರಿಸಬಹುದು. ಶಾಲೆಯಲ್ಲಿ ಹಳೆಯ ಟಿಪ್ಪಣಿಗಳಿದ್ದರೆ ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಪರಿಶೀಲಿಸತಕ್ಕದ್ದು.

ಭೂಪಟದಲ್ಲಿ ಊರಿನ ಹೆಸರು

128ನ್ನು ಕೂಡಿಸಿದರೆ ತೆಲುಗು ಬರಹ ಕನ್ನಡ ಲಿಪಿಗೆ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ. ‘ಮಂತ್ರಾಲಯಂ’ ಎಂಬುದನ್ನು ಯಂತ್ರವು ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಇಳಿಸುತ್ತದೆ. ಕನ್ನಡಿಗರ ಬಾಯಲ್ಲಿ ಅದು ಮಂತ್ರಾಲಯ. ಕೌತಾಳಂ ಮಂಡಲದ ಉರುಕುಂದ ಕ್ಷೇತ್ರವನ್ನು ರಾಯಚೂರು, ಬಳ್ಳಾರಿ ಕಡೆಯ ಭಕ್ತರು ಉರುಕುಂದಿ ಎನ್ನುತ್ತಾರೆ. ಆದೋನಿಯೇ ಹಳೆಯ ಕನ್ನಡ ಬರಹಗಳಲ್ಲಿ ಆದವಾನಿ. ಇಂತಹ ರೂಪಗಳನ್ನು ಬಲ್ಲವರು ಊರಿನವರು ಮಾತ್ರ. ಅವರು ದಾಖಲಿಸದಿದ್ದರೆ ಯಂತ್ರ ಇಳಿಸಿದ ರೂಪವೇ ಪಠ್ಯಕ್ಕೂ ಫಲಕಕ್ಕೂ ಬಂದು, ಒಂದು ತಲೆಮಾರಿನಲ್ಲಿ ಮಕ್ಕಳ ನಾಲಿಗೆಯ ಮೇಲೂ ನೆಲೆಸುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಸ್ಥಳಕ್ಕೆ ತೆಲುಗು, ಕನ್ನಡ, ಇಂಗ್ಲಿಷ್ ಹೆಸರುಗಳನ್ನು ಬೇರೆಬೇರೆ ಅಂಕಣಗಳಲ್ಲಿ ಕೊಡಬಹುದು. ಇಲ್ಲಿ ಒಂದು ಹೆಸರನ್ನು ಸೇರಿಸಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ತೆಲುಗು ಹೆಸರನ್ನು ತೆಗೆದು ಕನ್ನಡ ಹೆಸರನ್ನು ಹಾಕುವುದು ನಿಯಮಕ್ಕೂ ನೆರೆಹೊರೆಯ ಮರ್ಯಾದೆಗೂ ವಿರುದ್ಧ. ಹಾಗೆಯೇ ಹೆಸರನ್ನು ಅನುವಾದಿಸಿ ಹುಟ್ಟಿಸಬಾರದು. ಪೆದ್ದತುಂಬಳಂ ಎಂಬಲ್ಲಿ ‘ಪೆದ್ದ’ ಎಂದರೆ ದೊಡ್ಡದು ಎಂದು ಎಲ್ಲರಿಗೂ ಗೊತ್ತು. ಆದರೆ ಊರಿನ ಹಿರಿಯರು ಏನೆನ್ನುತ್ತಾರೆ, ಹಳೆಯ ಬರಹದಲ್ಲಿ ಏನಿದೆ ಎಂದು ಕೇಳಿ ನೋಡಿದ ಬಳಿಕವೇ ಕನ್ನಡ ಅಂಕಣವನ್ನು ತುಂಬಬೇಕು. ಬೇರೆ ಕಂಪನಿಗಳ ಭೂಪಟದಿಂದ ಹೆಸರು ಅಥವಾ ರಸ್ತೆಗಳನ್ನು ನಕಲು ಮಾಡುವುದು ನಿಷಿದ್ಧ. ಸ್ವಂತ ತಿಳಿವಳಿಕೆಯೇ ಇಲ್ಲಿನ ಬಂಡವಾಳ.

ಲೇಖನಕ್ಕೆ ಆಧಾರ

ವಿಕಿಪೀಡಿಯದ ನಿಯಮ ಇದಕ್ಕಿಂತ ಬಿಗಿ. ಬರೆಯುವವನಿಗೆ ಗೊತ್ತಿರುವುದು ಸಾಲದು, ಪ್ರಕಟವಾದ ಆಧಾರ ಬೇಕು. ಗಡಿನಾಡಿನ ಶಿಕ್ಷಕರು ಎದೆಗುಂದುವುದು ಇಲ್ಲಿಯೇ. ವಾಸ್ತವವಾಗಿ ಆಧಾರಗಳಿಗೆ ಅಷ್ಟು ಬರವಿಲ್ಲ. ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೆಯ ಸಂಪುಟದ ಮೊದಲ ಭಾಗ 1939ರಲ್ಲಿ ಪ್ರಕಟವಾಯಿತು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೇ ಮೀಸಲಾದ ಆ ಸಂಪುಟದಲ್ಲಿ ಆಗಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ತಾಲ್ಲೂಕಿನ ಶಾಸನಗಳೂ ಇವೆ. ಭಾರತದ ಕಾನೂನಿನಂತೆ ಸರ್ಕಾರಿ ಪ್ರಕಟಣೆಯ ಹಕ್ಕುಸ್ವಾಮ್ಯ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ಈ ಗ್ರಂಥ ಈಗ ಎಲ್ಲರ ಸ್ವತ್ತು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ನೀಡಿದೆ. ಚಿಪ್ಪಗಿರಿಯ ಲೇಖನಕ್ಕೆ ಅಲ್ಲಿ ನೆಲೆಸಿ ಅಲ್ಲಿಯೇ ದೇಹಬಿಟ್ಟ ವಿಜಯದಾಸರ ಬಗೆಗಿನ ದಾಸಸಾಹಿತ್ಯದ ಗ್ರಂಥಗಳು ಸಾಕಷ್ಟಿವೆ.

ತೆಲುಗು ವಿಕಿಪೀಡಿಯದಲ್ಲಿ ಆಂಧ್ರದ ಗ್ರಾಮಗಳ ಲೇಖನಗಳು ಹೇರಳವಾಗಿವೆ. ಪರವಾನಗಿಯಂತೆ ಮೂಲವನ್ನು ಹೆಸರಿಸಿ ಅವನ್ನು ಕನ್ನಡಕ್ಕೆ ತರಬಹುದು. ಬೆಂಗಳೂರಿನ ಸಂಪಾದಕನಿಗಿಂತ ಆದೋನಿಯ ಶಿಕ್ಷಕನಿಗೆ ಈ ಕೆಲಸ ಸುಲಭ, ಅವನಿಗೆ ಎರಡು ಭಾಷೆಯ ಜೊತೆ ಊರೂ ಗೊತ್ತು. ಆದರೆ ಯಂತ್ರಾನುವಾದವನ್ನು ತಿದ್ದದೆ ಪ್ರಕಟಿಸಬಾರದು. 2010ರ ಸುಮಾರಿಗೆ ಗೂಗಲ್ ಅನುವಾದ ಯೋಜನೆಯ ಮೂಲಕ ಕನ್ನಡ ವಿಕಿಪೀಡಿಯಕ್ಕೆ ಬಂದ ಉದ್ದುದ್ದ ಲೇಖನಗಳನ್ನು ಓದಿದವರಿಗೆ ಕಾರಣ ತಿಳಿಯುತ್ತದೆ: ಪದಗಳೆಲ್ಲ ಕನ್ನಡ, ವಾಕ್ಯ ಮಾತ್ರ ಕನ್ನಡವಲ್ಲ. ಮಂಡಲ, ಜನಸಂಖ್ಯೆ, ಬೆಳೆ, ಹತ್ತಿರದ ರೈಲು ನಿಲ್ದಾಣ ಎಂದು ಹತ್ತು ಸರಿಯಾದ ವಾಕ್ಯಗಳಿರುವ ಲೇಖನ ಅಂತಹ ಹತ್ತು ಪುಟಗಳಿಗಿಂತ ಮೇಲು. 2022ರ ಏಪ್ರಿಲ್‌ನಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದುದರಿಂದ ಕರ್ನೂಲು ಜಿಲ್ಲೆಯ ಹಳೆಯ ಅಂಕಿಗಳನ್ನು ನೋಡಿಕೊಂಡು ಬಳಸಬೇಕು.

ಬರೆದದ್ದನ್ನು ಬೇರೊಬ್ಬ ಸಂಪಾದಕ ಅಳಿಸಿದರೆ ಅವಮಾನವೆಂದು ತಿಳಿಯಬೇಕಾಗಿಲ್ಲ. ಲೇಖನದ ‘ಇತಿಹಾಸ’ ಪುಟದಲ್ಲಿ ಹಿಂದಿನ ರೂಪಗಳು ಹಾಗೆಯೇ ಉಳಿದಿರುತ್ತವೆ. ಚರ್ಚಾಪುಟದಲ್ಲಿ ಆಧಾರವನ್ನು ತೋರಿಸಿ ಮರಳಿ ಸೇರಿಸಬಹುದು.

ಸಾಧನಗಳನ್ನು ಉತ್ತಮಪಡಿಸಲು ಪ್ರೋಗ್ರಾಮಿಂಗ್ ಬಲ್ಲವರೇ ಬೇಕೆಂಬುದು ತಪ್ಪು ತಿಳಿವಳಿಕೆ. ಮೀಡಿಯಾವಿಕಿಯ ಗುಂಡಿಗಳ, ಸೂಚನೆಗಳ ಕನ್ನಡ ಅನುವಾದ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಸ್ವಯಂಸೇವಕರಿಂದಲೇ ನಡೆಯುತ್ತದೆ. ಐದನೆಯ ತರಗತಿಯ ಮಗುವಿಗೆ ಅರ್ಥವಾಗದ ಸೂಚನೆ ಕಂಡರೆ ಅಲ್ಲಿ ತಿಳಿಗನ್ನಡದ ಬದಲಿಯನ್ನು ಬರೆಯಬಹುದು. ಭಾಷಾಶಿಕ್ಷಕರ ಕಿವಿ ಬೇಕಾದದ್ದು ಇಂತಹ ಕಡೆಯಲ್ಲಿ.

ತರಗತಿಯಲ್ಲಿ

ಜಾಲಸಂಪರ್ಕ ದುರ್ಬಲವಾಗಿರುವ ಶಾಲೆಗಳಲ್ಲಿ ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ ಉಪಯುಕ್ತ. ಕನ್ನಡ ವಿಕಿಪೀಡಿಯದ ಕಡತವನ್ನು ಸಂಪರ್ಕವಿರುವಲ್ಲಿ ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರೆ ಅಂತರ್ಜಾಲವಿಲ್ಲದೆಯೂ ಓದಬಹುದು. ಅದರಲ್ಲಿ ತಿದ್ದಲಾಗದು; ಕಂಡ ತಪ್ಪುಗಳನ್ನು ಮಕ್ಕಳು ನೋಟ್‌ಪುಸ್ತಕದಲ್ಲಿ ಗುರುತಿಸಿ, ಶಿಕ್ಷಕರು ನಂತರ ಜಾಲದಲ್ಲಿ ತಿದ್ದಬಹುದು. ಮಕ್ಕಳ ಹೆಸರು, ಭಾವಚಿತ್ರ, ಮನೆಯ ವಿವರಗಳನ್ನು ಯಾವ ಕಾರಣಕ್ಕೂ ಏರಿಸಕೂಡದು. ಖಾತೆ ಶಿಕ್ಷಕರದಿರಲಿ, ಮಾಹಿತಿ ಸಂಗ್ರಹ ಮಕ್ಕಳದಿರಲಿ.

ಅಭ್ಯಾಸ

ಶಾಲೆಯ ಸುತ್ತಲಿನ ಐದು ಊರುಗಳ ಹೆಸರನ್ನು ಮನೆಯ ಹಿರಿಯರು ಹೇಳುವ ರೂಪದಲ್ಲಿಯೂ, ಬಸ್ಸಿನ ಫಲಕದಲ್ಲಿರುವ ರೂಪದಲ್ಲಿಯೂ ಬರೆಯಿಸಿ. ವ್ಯತ್ಯಾಸ ಅಂಕಿತದಲ್ಲಿದೆಯೋ, ಅಂತ್ಯದ ಅನುಸ್ವಾರದಲ್ಲಿದೆಯೋ, ಪೂರ್ವಪದದಲ್ಲಿದೆಯೋ ವರ್ಗೀಕರಿಸಿ.

ಊರಿನ ಕೆರೆ, ಗುಡಿ, ದರ್ಗಾ ಅಥವಾ ಸಂತೆಯ ಬಗ್ಗೆ ವಿದ್ಯಾರ್ಥಿಗಳು ತಂದ ಹತ್ತು ವಾಕ್ಯಗಳಲ್ಲಿ ಪ್ರಕಟಿತ ಆಧಾರವಿರುವವು ಯಾವುವು, ಕೇಳಿಕೆಯ ಮಾತು ಯಾವುವು ಎಂದು ಬೇರ್ಪಡಿಸಿ. ಎರಡನೆಯ ಗುಂಪನ್ನು ಎಸೆಯದೆ ಶಾಲೆಯ ದಿನಚರಿಯಲ್ಲಿ ಸಂಗ್ರಹಿಸಿಡಿ.