ಈ ತಿಂಗಳ ಪಾಠ: ಕೊಟ್ಟಿಗೆಯಲ್ಲಿರುವ ಸೈಕಲ್ಲು



ಈ ತಿಂಗಳು ಸಾಲ, ಬಡ್ಡಿಯ ಪಾಠ ಸ್ವಲ್ಪ ಬದಿಗಿಡೋಣ. ಮೊದಲು ನಿಮ್ಮ ಕೊಟ್ಟಿಗೆಯಲ್ಲೋ, ಹುಲ್ಲಿನ ಬಣವೆ ಪಕ್ಕದಲ್ಲೋ ಒಂದು ಹಳೇ ಸೈಕಲ್ಲು ಬಿದ್ದಿದೆಯೇ ನೋಡಿ ಬನ್ನಿ. ತರೀಕೆರೆ, ಕಡೂರು, ಅಜ್ಜಂಪುರ ಕಡೆಯ ಹಳ್ಳಿಗಳಲ್ಲಿ ಇಂಥ ಸೈಕಲ್ಲು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ವಿತರಣೆ ನಿಂತಿತು. ಅಷ್ಟು ವರ್ಷ ಹಂಚಿದ ಸೈಕಲ್ಲುಗಳು ಎಲ್ಲಿಗೆ ಹೋದವು? ಮಗಳು ಹೈಸ್ಕೂಲು ಮುಗಿಸಿದಳು, ಮದುವೆಯಾಗಿ ಹೋದಳು, ಈಗ ಹ್ಯಾಂಡಲ್ ಮೇಲೆ ಕೋಳಿ ಮಲಗುತ್ತದೆ.

"ಬಸ್ಸು ಫ್ರೀ ಇದೆಯಲ್ಲ ಸಿಸ್ಟರ್, ಸೈಕಲ್ ಯಾಕೆ?" ಎಂದು ನೀವು ಕೇಳಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಟಿಕೆಟ್ ಫ್ರೀ ಆದರೆ ಸಾಲದು, ಬಸ್ಸು ಬರಬೇಕಲ್ಲ! ಅದು ಟಾರ್ ರೋಡಿಗೆ ಬರುತ್ತೆ, ತೋಟಕ್ಕೆ ಬರಲ್ಲ, ಹಾಲಿನ ಡೈರಿಗೆ ಬರಲ್ಲ. ಹೈಸ್ಕೂಲು 4 ಕಿಲೋಮೀಟರ್ ದೂರವಿದ್ದರೆ ಹುಡುಗಿ ನಡೆದು ಹೋಗಲು ಒಂದು ಗಂಟೆ ಬೇಕು. ಹಳೇ ಸೈಕಲ್ಲಿನಲ್ಲಿ ನಿಧಾನವಾಗಿ ತುಳಿದರೂ 20 ನಿಮಿಷ ಸಾಕು. ಹೋಗಿ ಬರುವುದರಲ್ಲಿ ದಿನಕ್ಕೆ ಒಂದು ಗಂಟೆ 20 ನಿಮಿಷ ಉಳಿಯಿತು. ಏಳನೇ ಕ್ಲಾಸಿಗೇ ಮಗಳನ್ನು ಬಿಡಿಸಿದ ತಾಯಂದಿರನ್ನು ಕೇಳಿದರೆ ಹೆಚ್ಚಿನವರು ನಮಗೆ ಹೇಳುವುದು ದಾರಿಯ ಭಯ, ಕತ್ತಲಾಗುತ್ತದೆ ಎಂಬ ಭಯ. ಆ ಒಂದು ಗಂಟೆ 20 ನಿಮಿಷಕ್ಕೆ ಅಷ್ಟು ಬೆಲೆ ಇದೆ.

ನಮ್ಮ ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. 1991ರ ಹೊತ್ತಿಗೆ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗ ಜಿಲ್ಲಾಧಿಕಾರಿ ಆಗಿದ್ದವರು ಷೀಲಾರಾಣಿ ಚುಂಕತ್. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸುವ ಕೆಲಸವನ್ನೂ ಆಂದೋಲನ ಕೈಗೆತ್ತಿಕೊಂಡಿತು. ಕೂಲಿಯವರು, ಕಲ್ಲುಕ್ವಾರಿಯ ಹೆಂಗಸರು, ಅಂಗನವಾಡಿಯವರು ಸಾವಿರಗಟ್ಟಲೆ ಕಲಿತರು. ಜನ ಆಡಿಕೊಂಡರು, ಕೆಟ್ಟ ಮಾತೂ ಬಂತು, ಅವರು ತುಳಿಯುತ್ತಲೇ ಹೋದರು. ಅಂಗಡಿಗಳಲ್ಲಿ ಲೇಡೀಸ್ ಸೈಕಲ್ಲು ಸಾಕಾಗದೆ ಗಂಡಸರ ಸೈಕಲ್ಲನ್ನೇ ಕೊಂಡರು. ಮುಂದಿನ ಅಡ್ಡಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು ಆಮೇಲೆ ಕೆಲವರು ಅದನ್ನೇ ಇಷ್ಟಪಟ್ಟರಂತೆ. ಹಾಗಾಗಿ ನಿಮ್ಮ ಮನೆಯಲ್ಲಿರುವುದು ಮಾವನವರ ಕಾಲದ ಕಪ್ಪು ಸೈಕಲ್ಲಾದರೂ ನಾಚಬೇಡಿ.

ಇನ್ನು ಕೆಲಸಕ್ಕೆ ಬರೋಣ. ಒಂದು ಸೈಕಲ್ಲಿನಿಂದ ಒಂದು ಆಗುವುದು ಕಷ್ಟ, ಮೂರು ಸೇರಿಸಿದರೆ ಒಂದೋ ಎರಡೋ ಖಂಡಿತ ಆಗುತ್ತದೆ. ಒಂದರ ಫ್ರೇಮ್, ಇನ್ನೊಂದರ ಚಕ್ರ, ಮತ್ತೊಂದರ ಸೀಟು. ಇದಕ್ಕೆ ಸಂಘವೇ ಸರಿಯಾದ ಜಾಗ, ಒಬ್ಬರ ಮನೆಯಲ್ಲಿ ಮೂರು ಸೈಕಲ್ಲು ಇರಲ್ಲ. ಬಣ್ಣ ಬೇರೆ ಬೇರೆ ಇದ್ದರೆ ಇರಲಿ. ಚಕ್ರ ಮಾತ್ರ ಒಂದೇ ಅಳತೆಯದಾಗಬೇಕು. ಟೈರಿನ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ. ದೊಡ್ಡ ಕಪ್ಪು ಸೈಕಲ್ಲಿನದು ಸಾಮಾನ್ಯವಾಗಿ 28 ಇಂಚು. 26ರ ಟೈರು ಅದಕ್ಕೆ ಕೂರಲ್ಲ.

ಮೊದಲು ಫ್ರೇಮ್ ಒರೆಸಿ ಬಿಸಿಲಿನಲ್ಲಿಟ್ಟು ನೋಡಿ. ಹ್ಯಾಂಡಲ್ ಕೆಳಗಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಗುಜರಿಗೇ ಹೋಗಲಿ. ಮುಂದಿನ ಫೋರ್ಕ್ ಬಾಗಿದ್ದರೂ ಬೇಡ. ಮೇಲ್ಮೈ ತುಕ್ಕಿಗೆ ಹೆದರಬೇಕಾಗಿಲ್ಲ, ಉಪ್ಪುಕಾಗದದಲ್ಲಿ ಉಜ್ಜಿದರೆ ಹೋಗುತ್ತೆ. ಆಮೇಲೆ ಚಕ್ರ ಎತ್ತಿ ತಿರುಗಿಸಿ. ರಿಮ್ ಓಲಾಡಿದರೆ ಕಡ್ಡಿ ಬಿಗಿ ಮಾಡಬೇಕು. ರಿಮ್ ಎಡಕ್ಕೆ ವಾಲಿದ ಜಾಗದಲ್ಲಿ ಬಲಗಡೆಯಿಂದ ಬರುವ ಕಡ್ಡಿಗಳನ್ನು ಅರ್ಧ ಸುತ್ತು ಬಿಗಿಸಿ, ಎಡಗಡೆಯವನ್ನು ಅಷ್ಟೇ ಸಡಿಲಿಸಿ. ಒಂದೇ ಸಲ ಜಾಸ್ತಿ ತಿರುಗಿಸಬಾರದು, ರೊಟ್ಟಿ ತಟ್ಟುವ ಹಾಗೆ ಸುತ್ತಲೂ ಸಮವಾಗಿ ಹೋಗಬೇಕು.

ಚಕ್ರದ ನಡುವಿನ ಹಬ್ ಬಿಚ್ಚಿ ಬಾಲ್ಸ್‌ಗಳನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆಯಿರಿ. ಒಂದು ಸವೆದಿದ್ದರೂ ಅಷ್ಟನ್ನೂ ಬದಲಿಸಿ, ಹಳೆಯದು ಹೊಸದು ಬೆರೆಸಬೇಡಿ. ಗ್ರೀಸ್ ತುಂಬಿ, ಕೋನನ್ನು ಅಲುಗಾಟ ನಿಲ್ಲುವಷ್ಟು ಮಾತ್ರ ಬಿಗಿಸಿ. ಎಡಗಡೆ ಪೆಡಲಿನ ಮರೆ ಉಲ್ಟಾ ಇರುತ್ತದೆ. ಇದು ಗೊತ್ತಿಲ್ಲದೆ ಗಂಡಸರೂ ಬೆವರುತ್ತಾರೆ! ಚೈನನ್ನು ಮುಂದಿನ ಹಲ್ಲಿನ ಚಕ್ರದಿಂದ ಬೆರಳಲ್ಲಿ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದು ಜಗ್ಗಿದ ಚೈನು. ಹೊಸ ಚೈನು ಹಾಕಿದ ಮೇಲೂ ಜಾರುತ್ತಿದ್ದರೆ ಹಿಂದಿನ ಫ್ರೀವೀಲಿನ ಹಲ್ಲು ಸವೆದಿದೆ ಎಂದರ್ಥ. ಕಡೂರು ಕಡೆಯ ಸಹೋದರಿಯರಿಗೆ ಒಂದು ಮಾತು: ಕೊಬ್ಬರಿ ಎಣ್ಣೆ ತಲೆಗಿರಲಿ, ಚೈನಿಗೆ ಬೇಡ. ಅದು ಧೂಳು ಹಿಡಿದು ಅಂಟಾಗುತ್ತದೆ. ಮಿಷನ್ ಎಣ್ಣೆ ಹಾಕಿ.

ಕ್ಯಾರಿಯರ್ ಇಲ್ಲವೇ? ಅಡಿಕೆ ದಬ್ಬೆ ನಾಲ್ಕು ಸೀಳಿ ತಂತಿಯಲ್ಲಿ ಕಟ್ಟಿದರೆ ಹಾಲಿನ ಕ್ಯಾನ್ ಧಾರಾಳವಾಗಿ ಕೂರುತ್ತದೆ. ಚೈನ್ ಕವರಿಗೆ ಒಡೆದ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ. ಸೀರೆ ಸಿಕ್ಕದಂತೆ ಹಿಂಚಕ್ರದ ಎರಡೂ ಪಕ್ಕ ನೈಲಾನ್ ಹಗ್ಗದ ಬಲೆ ಹೆಣೆಯಿರಿ. ನೋಡಲು ಚೆಂದ ಕಾಣದಿರಬಹುದು, ಆದರೆ ಇಂಥ ಸೈಕಲ್ಲನ್ನು ಕಳ್ಳನೂ ಮುಟ್ಟುವುದಿಲ್ಲ.

ಎಲ್ಲಿ ಬೇಕಾದರೂ ಉಳಿಸಿ, ಮೂರು ಕಡೆ ಉಳಿಸಬೇಡಿ: ಬ್ರೇಕ್ ರಬ್ಬರ್, ಟೈರು, ಟ್ಯೂಬು. ಇವು ಹೊಸದೇ ಆಗಬೇಕು. ಲಿಂಗದಹಳ್ಳಿ ಕಡೆಯ ಇಳಿಜಾರಿನಲ್ಲಿ ಇರುವವರು ಇದನ್ನು ಎರಡು ಸಲ ಓದಿ. ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ. ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದೆ ಹೆದ್ದಾರಿಗೆ ಬರಬೇಡಿ, ರಾತ್ರಿ ಲಾರಿಯವರಿಗೆ ನೀವು ಕಾಣಲ್ಲ. ಗುಜರಿ ಅಂಗಡಿಯಲ್ಲಿ ಫ್ರೇಮ್ ಕೊಂಡರೆ ಚೀಟಿ ಬರೆಸಿಕೊಳ್ಳಿ, ಫ್ರೇಮಿನ ಮೇಲೆ ಕೊರೆದ ನಂಬರನ್ನೂ ಅದರಲ್ಲಿ ಸೇರಿಸಿ. ಕದ್ದ ಮಾಲು ಸಂಘದ ಬಾಗಿಲಿಗೆ ಬರುವುದು ಬೇಡ.

ಕಲಿಯುವುದಕ್ಕೆ ಕಣ ಅಥವಾ ಶಾಲೆ ಮೈದಾನ ಸಾಕು. ಭದ್ರಾ ನಾಲೆಯ ಏರಿ ಸಮತಟ್ಟಾಗಿದೆ ಎಂದು ಅಲ್ಲಿಗೆ ಹೋಗಬೇಡಿ, ಬಿದ್ದರೆ ನೀರಿಗೇ ಬೀಳುತ್ತೀರಿ. ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿ, ಪೆಡಲು ಬಿಟ್ಟು ಕಾಲಲ್ಲಿ ನೆಲ ಒದೆಯುತ್ತಾ ಸಾಗಿ. ತೂಕ ಹಿಡಿತಕ್ಕೆ ಬಂದ ಮೇಲೆ ಪೆಡಲು. "ಈ ವಯಸ್ಸಲ್ಲಾ?" ಎನ್ನುವವರಿಗೆ ಅಮೆರಿಕದ ಫ್ರಾನ್ಸಿಸ್ ವಿಲ್ಲಾರ್ಡ್ ಹೆಸರು ಹೇಳಿ. ಮದ್ಯಪಾನದ ವಿರುದ್ಧ ಹೆಂಗಸರನ್ನು ಸಂಘಟಿಸಿದ ಆಕೆ ಸೈಕಲ್ ಕಲಿತದ್ದು 53ನೇ ವಯಸ್ಸಿನಲ್ಲಿ. ಅದರ ಬಗ್ಗೆ 1895ರಲ್ಲಿ ಪುಸ್ತಕವನ್ನೇ ಬರೆದರು.

ಕೊನೆಗೆ ಕಷ್ಟದ ವಿಷಯ. ಸೈಕಲ್ಲು ಓಡಲು ಶುರುವಾದ ದಿನವೇ ಮನೆಯ ಗಂಡಸರಿಗೆ ಅದರ ಅವಶ್ಯಕತೆ ನೆನಪಾಗುತ್ತದೆ. ಸಂಜೆ ಹೋದ ಸೈಕಲ್ಲು ಸಾರಾಯಿ ಅಂಗಡಿ ಮುಂದೆ ನಿಂತಿರುತ್ತದೆ, ಬೆಳಿಗ್ಗೆ ಹಾಲು ತಲೆ ಮೇಲೆಯೇ ಹೋಗುತ್ತದೆ. ಆದ್ದರಿಂದ ಟೈರು, ಟ್ಯೂಬಿಗೆ ಸಂಘದ ಆಂತರಿಕ ಸಾಲ ಕೊಡುವಾಗಲೇ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ: ಈ ಸೈಕಲ್ಲು ಯಾವ ಸದಸ್ಯೆಯದು, ಫ್ರೇಮ್ ನಂಬರ್ ಎಷ್ಟು, ಹಳೇ ಭಾಗ ಕೊಟ್ಟವರು ಯಾರು, ಸಾಲ ಎಷ್ಟು, ಕಂತು ಎಷ್ಟು. ಭಾಗ ಕೊಟ್ಟ ಸಹೋದರಿಗೆ ವಾರದಲ್ಲಿ ಯಾವ ದಿನ ಸೈಕಲ್ಲು ಎಂಬುದನ್ನೂ ಅಲ್ಲೇ ತೀರ್ಮಾನಿಸಿ, ಎಲ್ಲರೂ ಸಹಿ ಹಾಕಿ. ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಊರಿನಲ್ಲಿ ಎಷ್ಟು ಫ್ರೇಮ್, ಎಷ್ಟು ಚಕ್ರ ಸುಮ್ಮನೆ ಬಿದ್ದಿವೆ ಎಂದು ಎಣಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಸ್ಪ್ಯಾನರ್, ಕಡ್ಡಿ ಚಾವಿ, ಪಂಪು ನಾವು ತರುತ್ತೇವೆ.