ಮುನಿಸು ಮೊದಲು ಸುಡುವುದು ಯಾರನ್ನು?

ತನ್ನ ಮೇಲೆ ಮುನಿದವರಿಗೆ ತಾನೂ ಮುನಿದರೆ ಫಲವೇನೆಂದು ಬಸವಣ್ಣನವರು ಒಂದು ವಚನದಲ್ಲಿ ವಿಚಾರಿಸುತ್ತಾರೆ. ಕೋಪವು ನೆರೆಯವನನ್ನು ಮುಟ್ಟುವುದಕ್ಕೆ ಮುನ್ನ ಅದನ್ನು ಹೊತ್ತವನನ್ನೇ ದಹಿಸುವುದೆಂಬುದು ಅಲ್ಲಿಯ ತಾತ್ಪರ್ಯ. ಗೃಹಸ್ಥನಿಗೆ ಹೇಳಿದ ಈ ಮಾತು ರಾಜ್ಯವಾಳುವವರಿಗೂ ಸಲ್ಲುವುದು.

ಅಮೆರಿಕಾ ದೇಶದ ಸ್ವಾತಂತ್ರ್ಯ ಘೋಷಣೆಯ ಕರಡನ್ನು 1776ರಲ್ಲಿ ಬರೆದವರು ಥಾಮಸ್ ಜೆಫರ್ಸನ್ನರು; ಸಭೆಯಲ್ಲಿ ಅದರ ಪರವಾಗಿ ವಾದಿಸಿದವರು ಜಾನ್ ಆಡಮ್ಸರು. ಇಂಥ ಮಿತ್ರರು 1800ರ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಳಾದರು. ಒಂದು ಪಕ್ಷದ ಪತ್ರಿಕೆಗಳು ಜೆಫರ್ಸನ್ನರನ್ನು ನಾಸ್ತಿಕರೆಂದು ಹಳಿದವು. ಇನ್ನೊಂದು ಪಕ್ಷದವು ಆಡಮ್ಸರನ್ನು ಅರಸೊತ್ತಿಗೆ ಬಯಸುವವರೆಂದು ಜರೆದವು. ಸರಕಾರವನ್ನು ನಿಂದಿಸಿದ ಪತ್ರಿಕಾಕರ್ತರು 1798ರ ಶಾಸನದಂತೆ ಸೆರೆಮನೆಗೂ ಹೋದರು. ನಿಂದೆಗೆ ಅದು ಮದ್ದಾಗಲಿಲ್ಲವೆಂಬುದು ಬೇರೆ ಮಾತು. ಆಡಮ್ಸರು ಸೋತರು. 1801ರ ಮಾರ್ಚ್ 4ರಂದು ನಡೆದ ಜೆಫರ್ಸನ್ನರ ಪದಗ್ರಹಣಕ್ಕೆ ನಿಲ್ಲದೆ, ಬೆಳಕು ಹರಿಯುವ ಮೊದಲೇ ರಾಜಧಾನಿಯನ್ನು ಬಿಟ್ಟು ನಡೆದರು.

ಅಂದು ನಾಡು ಒಡೆಯಲಿಲ್ಲ. ರಕ್ತಪಾತವಿಲ್ಲದೆ ಅಧಿಕಾರ ಕೈಬದಲಾಯಿತು. ಒಡೆದುದು ಇಬ್ಬರ ಮನಸ್ಸು. ಸುಮಾರು ಹನ್ನೊಂದು ವರ್ಷ ಅವರೊಳಗೆ ಓಲೆಯ ಬಳಕೆಯೂ ನಿಂತುಹೋಯಿತು. ಇಬ್ಬರಿಗೂ ಆಪ್ತರಾಗಿದ್ದ ಬೆಂಜಮಿನ್ ರಶ್ಶರೆಂಬ ವೈದ್ಯರು ಬೇಸರವಿಲ್ಲದೆ ಇಬ್ಬರಿಗೂ ಬರೆದು ಮನವೊಲಿಸುತ್ತಿದ್ದರು. ಕೊನೆಗೆ 1812ರ ಜನವರಿ 1ರಂದು ಮೊದಲು ಲೇಖನಿ ಹಿಡಿದವರು, ಸೋತಿದ್ದ ಆಡಮ್ಸರೇ! ಮತಭೇದ ಅಳಿಯಲಿಲ್ಲ, ಪತ್ರಗಳೂ ನಿಲ್ಲಲಿಲ್ಲ. 1826ರ ಜುಲೈ 4ರಂದು, ಆ ಘೋಷಣೆಗೆ ಐವತ್ತು ವರ್ಷ ತುಂಬಿದ ದಿನವೇ, ಇಬ್ಬರೂ ದೇಹವಿಟ್ಟರು.